ಸ್ಪೆಕ್ಟ್ರಮ್ ಕೈಕೊಟ್ಟಾಗ: ಫ್ಯೂಷನ್ ಪ್ಲಾಸ್ಮಾದ ಲೋಹದ ಗೆರೆ ಓದುವವರಿಗೆ ದೋಷ ನಿವಾರಣೆ ಕೈಪಿಡಿ

ತುಮಕೂರಿನ ಒಂದು ಕಾಲೇಜು ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರ್ ನೋಡಿಕೊಳ್ಳುವ ಕೆಲಸ ನನ್ನದು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಉಪಕರಣ ಅದು; ಬಿಡಿಸಿದ ಚಿತ್ರವೇ ಸ್ಪೆಕ್ಟ್ರಮ್, ಅದರಲ್ಲಿ ಒಂದೊಂದು ವಸ್ತುವೂ ತನ್ನದೇ ಜಾಗದಲ್ಲಿ ಗೆರೆ ಮೂಡಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದಲೂ ಎಂ.ಎಸ್ಸಿ. ಮಕ್ಕಳು ಪ್ರಾಜೆಕ್ಟ್‌ಗೆ ಬರುತ್ತಾರೆ. ಕೆಲವರು ನಮ್ಮ ಡಿಸ್ಚಾರ್ಜ್ ಟ್ಯೂಬ್ (ಕರೆಂಟ್ ಹಾಯಿಸಿ ಅನಿಲ ಬೆಳಗಿಸುವ ಕೊಳವೆ) ಮುಂದೆ ಕೂರುತ್ತಾರೆ. ಇನ್ನು ಕೆಲವರು ಟೋಕಮಾಕ್‌ನಲ್ಲಿ, ಅಂದರೆ ಕಾಂತಕ್ಷೇತ್ರದಲ್ಲಿ ಪ್ಲಾಸ್ಮಾ ಹಿಡಿದಿಡುವ ಫ್ಯೂಷನ್ ಯಂತ್ರದಲ್ಲಿ, ತೆಗೆದ ಡೇಟಾ ಲ್ಯಾಪ್‌ಟಾಪ್‌ನಲ್ಲಿ ತುಂಬಿಕೊಂಡು ಬರುತ್ತಾರೆ. ದೂರು ಮಾತ್ರ ಎಲ್ಲರದ್ದೂ ಒಂದೇ: "ಸಾರ್, ಇಲ್ಲೊಂದು ವಿಚಿತ್ರ ಗೆರೆ ಇದೆ." ಅಥವಾ, "ಇರಬೇಕಾದ ಗೆರೆ ಇಲ್ಲ."

ಹುಡುಕುವ ಕ್ರಮ ಹೀಗಿರಲಿ. ಮೊದಲು ಕೋಣೆಯನ್ನು ಅನುಮಾನಿಸಿ. ಆಮೇಲೆ ಉಪಕರಣ, ಆಮೇಲೆ ನಿಮ್ಮ ಲೆಕ್ಕ. ಪ್ಲಾಸ್ಮಾ ಮೇಲೆ ಅನುಮಾನ ಕೊನೆಗೆ. ಈ ಕ್ರಮ ತಿರುಗಾಮುರುಗಾ ಮಾಡಿದವರೇ ಜಾಸ್ತಿ ಒದ್ದಾಡುವುದು.

ಲೋಹದ ಗೆರೆಗೆ ಇಷ್ಟು ಬೆಲೆ ಯಾಕೆ ಅಂತ ಚುಟುಕಾಗಿ ಹೇಳುತ್ತೇನೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಫ್ಯೂಷನ್ ಯಂತ್ರದಲ್ಲಿ ಪ್ಲಾಸ್ಮಾ (ಎಲೆಕ್ಟ್ರಾನ್ ಬೇರ್ಪಟ್ಟ ಬಿಸಿ ಅನಿಲ) ಸುಮಾರು 15 ಕೋಟಿ ಡಿಗ್ರಿಗೆ ಕಾಯಬೇಕು. ಅದರ ಬಿಸಿ ತಡೆಯುವ ಗೋಡೆಗೆ ಟಂಗ್‌ಸ್ಟನ್ ಹಾಕುತ್ತಾರೆ, 3422 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ಕರಗುವುದಿಲ್ಲ. ಆದರೆ ಗೋಡೆಯಿಂದ ಕಿತ್ತುಬಂದ ಟಂಗ್‌ಸ್ಟನ್ ಪ್ಲಾಸ್ಮಾದ ನಡುಮಧ್ಯಕ್ಕೆ ಹೋದರೆ ಕಷ್ಟ. ಅದಕ್ಕೆ 74 ಎಲೆಕ್ಟ್ರಾನ್ ಇವೆ. ಅಷ್ಟು ಬಿಸಿಯಲ್ಲೂ ಎಲ್ಲ ಉದುರುವುದಿಲ್ಲ. ಉಳಿದವು ಬೆಳಕು ಚೆಲ್ಲುತ್ತಲೇ ಇರುತ್ತವೆ. ಹತ್ತು ಸಾವಿರ ಅಯಾನಿಗೆ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಒಂದೆರಡು ಟಂಗ್‌ಸ್ಟನ್ ಸೇರಿದರೂ ಸಾಕು, ಉರಿ ನಿಲ್ಲುವಷ್ಟು ಶಕ್ತಿ ಬೆಳಕಾಗಿ ಸೋರಿಹೋಗುತ್ತದೆ. ಆ ಬೆಳಕನ್ನೇ ಓದಿ ಎಷ್ಟು ಲೋಹ ಇದೆ, ಎಷ್ಟು ಬಿಸಿ ಇದೆ ಅಂತ ಹೇಳುವುದು ನಮ್ಮ ಕೆಲಸ.

ಶುರು ಮಾಡುವ ಮೊದಲು ಹತ್ತಿರ ಇಟ್ಟುಕೊಳ್ಳಿ: ಒಂದು ಪಾದರಸದ ದೀಪ, ಒಂದು ಮೈಕ್ರೋಸ್ಕೋಪ್ ಸ್ಲೈಡ್, ಒಂದು ಕರಿ ಕಂಬಳಿ, ಮತ್ತು ಉಪಕರಣ ಸರಿ ಇದ್ದ ದಿನ ತೆಗೆದಿಟ್ಟ ಒಂದು ಸ್ಪೆಕ್ಟ್ರಮ್. ಕೊನೆಯದು ಇಲ್ಲದಿದ್ದರೆ ಇವತ್ತೇ ತೆಗೆದಿಡಿ. ಕೆಳಗಿನ ತರಂಗಾಂತರಗಳೆಲ್ಲ ನ್ಯಾನೋಮೀಟರ್‌ನಲ್ಲಿವೆ.

## ಪರದೆ ಮೇಲೆ ಏನೂ ಇಲ್ಲ

ಕತ್ತಲೆ ಕಂಡ ತಕ್ಷಣ ಡಿಟೆಕ್ಟರ್ ಸತ್ತಿದೆ ಅನ್ನಬೇಡಿ. ಬೆಳಕು ತರುವ ಫೈಬರ್ ತುದಿಯ ಕ್ಯಾಪ್ ತೆಗೆದಿದ್ದೀರಾ? ಷಟರ್ ತೆರೆಯುವ ಟಿಕ್ ಸದ್ದು ಬಂತಾ? ಸ್ಲಿಟ್, ಅಂದರೆ ಬೆಳಕು ಒಳಬರುವ ಸೀಳು, ಸೊನ್ನೆಯಲ್ಲಿ ಇಲ್ಲ ತಾನೇ? ಇಷ್ಟಕ್ಕೇ ಅರ್ಧ ಕೇಸು ಮುಗಿಯುತ್ತದೆ.

ಕಣ್ಣಿಗೆ ಕಾಣುವ ಬೆಳಕಿನ ಸಿಸಿಡಿ ಕ್ಯಾಮೆರಾ ಆದರೆ ಫೈಬರ್ ತುದಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ನೀಲಿಯಲ್ಲೊಂದು ಮೊನೆ, ಹಳದಿಯಲ್ಲೊಂದು ಗುಡ್ಡ ಕಂಡರೆ ಒಳಗಿನ ದಾರಿ ಸರಿ ಇದೆ. ತೊಂದರೆ ಫೈಬರ್‌ನ ಆಚೆ ಕಡೆ. ಈ ಟಾರ್ಚ್ ಪರೀಕ್ಷೆಯನ್ನು ಫೋಟೋಮಲ್ಟಿಪ್ಲೈಯರ್‌ಗೆ (ಅತಿ ಮಂದ ಬೆಳಕು ಹಿಡಿಯುವ ಡಿಟೆಕ್ಟರ್) ಯಾವ ಕಾರಣಕ್ಕೂ ಮಾಡಬೇಡಿ. ಹೈವೋಲ್ಟೇಜ್ ಆನ್ ಇದ್ದಾಗ ಅದಕ್ಕೆ ಕೋಣೆಯ ಬೆಳಕು ಬಿದ್ದರೂ ಹಾಳು.

ಟೋಕಮಾಕ್ ಡೇಟಾ ಖಾಲಿ ಇದ್ದರೆ ಸಮಯ ನೋಡಿ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆದಿತ್ಯ-ಯು ಯಂತ್ರದಲ್ಲಿ ಒಂದು ಶಾಟ್ (ಒಂದು ಸಲ ಪ್ಲಾಸ್ಮಾ ಹೊತ್ತಿಸುವುದು) ಬಾಳುವುದು ಸೆಕೆಂಡಿನ ಒಂದು ಪಾಲು. ಟ್ರಿಗರ್ ಸ್ವಲ್ಪ ಹಿಂದೆಮುಂದೆ ಆದರೆ ಕ್ಯಾಮೆರಾ ಖಾಲಿ ಪಾತ್ರೆಯ ಚಿತ್ರ ತೆಗೆದು ಸುಮ್ನೆ ಕೂರುತ್ತದೆ. ಪ್ಲಾಸ್ಮಾ ಕರೆಂಟಿನ ಗ್ರಾಫ್ ಪಕ್ಕ ಫ್ರೇಮಿನ ಸಮಯ ಇಟ್ಟು ಹೋಲಿಸಿ.

ಇನ್ನೊಂದು ಕಾರಣ ತರಂಗಾಂತರದ್ದು. ಸಾಮಾನ್ಯ ಗಾಜಿನ ಲೆನ್ಸ್ ಹಾಕಿ 250ರ ಗೆರೆ ಹುಡುಕಿದರೆ ಸಿಗುವುದಿಲ್ಲ, ಗಾಜೇ ಅದನ್ನು ನುಂಗುತ್ತದೆ. 200ಕ್ಕಿಂತ ಕೆಳಗೆ ಇಳಿದರೆ ಗಾಳಿಯ ಆಕ್ಸಿಜನ್ ನುಂಗಲು ಶುರು ಮಾಡುತ್ತದೆ, ಹಾಗಾಗಿ ದಾರಿಯೆಲ್ಲ ನಿರ್ವಾತ ಬೇಕು. ಮೆಗ್ನೀಸಿಯಂ ಫ್ಲೋರೈಡ್ ಕಿಟಕಿ ಸುಮಾರು 115ರವರೆಗೆ ಬಿಡುತ್ತದೆ, ಲಿಥಿಯಂ ಫ್ಲೋರೈಡ್ 105ರವರೆಗೆ. ಅದಕ್ಕೂ ಕೆಳಗೆ ಕಿಟಕಿಯೇ ಇಲ್ಲ. 14 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ 28.4ರ ಗೆರೆ ಬೇಕಾದರೆ ಸ್ಪೆಕ್ಟ್ರೋಮೀಟರ್ ನೇರವಾಗಿ ಯಂತ್ರದ ನಿರ್ವಾತಕ್ಕೇ ತೆರೆದುಕೊಂಡಿರಬೇಕು. ಅಲ್ಲಿ ಏನೂ ಕಾಣದಿದ್ದರೆ ಮೊದಲ ಅನುಮಾನ ಯಂತ್ರಕ್ಕೂ ಸ್ಪೆಕ್ಟ್ರೋಮೀಟರಿಗೂ ನಡುವೆ ಮುಚ್ಚಿದ ಗೇಟ್ ವಾಲ್ವ್ ಮೇಲೆ. ಎರಡನೆಯದು, ಒತ್ತಡ ಏರಿದ್ದರಿಂದ ಇಂಟರ್‌ಲಾಕ್ (ತಾನಾಗಿ ಕರೆಂಟ್ ಕಡಿಯುವ ಸುರಕ್ಷತಾ ವ್ಯವಸ್ಥೆ) ಮೈಕ್ರೋಚಾನೆಲ್ ಪ್ಲೇಟ್ ಎಂಬ ಡಿಟೆಕ್ಟರಿನ ವೋಲ್ಟೇಜ್ ಕಡಿದಿರುವುದು. ಇಂಟರ್‌ಲಾಕ್ ಕಡಿದಿದ್ದರೆ ಕೈ ಕಟ್ಟಿ ಕೂತು, ಜವಾಬ್ದಾರಿ ಇರುವವರನ್ನು ಕರೆಯಿರಿ. ಅದನ್ನು ದಾಟಿಸುವ ಉಪಾಯ ಯಾರು ಹೇಳಿಕೊಟ್ಟರೂ ಬೇಡ.

## ಎಲ್ಲ ಗೆರೆಗಳೂ ಜಾಗ ಬಿಟ್ಟು ಸರಿದಿವೆ

ಎಷ್ಟು ಸರಿದಿವೆ ಅನ್ನುವುದಕ್ಕಿಂತ ಹೇಗೆ ಸರಿದಿವೆ ಅನ್ನುವುದು ಮುಖ್ಯ. ಪಾದರಸದ ದೀಪ ಹಚ್ಚಿ 404.66, 435.83, 546.07, 576.96, 579.07 ಈ ಗೆರೆಗಳು ಎಲ್ಲಿ ಬಿದ್ದಿವೆ ಬರೆದುಕೊಳ್ಳಿ. ದೀಪ ಇಲ್ಲದಿದ್ದರೆ ಹಳೇ ಟ್ಯೂಬ್‌ಲೈಟೂ ಆಗುತ್ತದೆ. ಕೆಂಪು ಕಡೆಗೆ ಬೇಕಾದರೆ ಸ್ವಿಚ್‌ಬೋರ್ಡಿನ ಹಳೇ ಕಿತ್ತಳೆ ಬಣ್ಣದ ಇಂಡಿಕೇಟರ್ ಸಾಕು, ಅದು ನಿಯಾನ್. ಬೋರ್ಡ್ ಬಿಚ್ಚಬೇಡಿ, ಹೊರಗಿನಿಂದಲೇ ಫೈಬರ್ ಹಿಡಿಯಿರಿ. 585.25, 614.31, 640.22, 703.24 ಚೆನ್ನಾಗಿ ಎದ್ದು ಕಾಣುತ್ತವೆ.

ಎಲ್ಲವೂ ಒಂದೇ ಅಳತೆಯಲ್ಲಿ ಒಂದೇ ಕಡೆಗೆ ಸರಿದಿದ್ದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್‌ನ ಕೋನ ಅಥವಾ ಸಾಫ್ಟ್‌ವೇರಿನ ಸೊನ್ನೆ ಬದಲಾಗಿದೆ. ಹೊಸದಾಗಿ ಕ್ಯಾಲಿಬ್ರೇಟ್ ಮಾಡಿದರೆ ಮುಗೀತು. ನೀಲಿಯಲ್ಲಿ ಕಡಿಮೆ, ಕೆಂಪಿನಲ್ಲಿ ಜಾಸ್ತಿ ಸರಿದಿದ್ದರೆ ಪಿಕ್ಸೆಲ್‌ನಿಂದ ತರಂಗಾಂತರಕ್ಕೆ ಹೋಗುವ ಸೂತ್ರವೇ ತಪ್ಪು. ಬೇರೆ ಗ್ರೇಟಿಂಗಿನ ಹಳೇ ಫೈಲ್ ಎತ್ತಿಕೊಂಡಿರುತ್ತೀರಿ.

ಗೆರೆಗಳು ಸರಿಯಾಗಿ 0.1ರಿಂದ 0.2ರ ಒಳಗೆ ಸರಿದಿದ್ದರೆ ಉಪಕರಣ ಮುಟ್ಟಬೇಡಿ. ಹೈಡ್ರೋಜನ್‌ನ ಕೆಂಪು ಗೆರೆ ಎಚ್-ಆಲ್ಫಾ ಗಾಳಿಯಲ್ಲಿ 656.28, ನಿರ್ವಾತದಲ್ಲಿ 656.46. ಗೆರೆಗಳ ತರಂಗಾಂತರದ ಪಟ್ಟಿಯಲ್ಲಿ ನಿರ್ವಾತದ ಅಂಕಿ ಓದಿ, ಗಾಳಿಯಲ್ಲಿ ಅಳೆದರೆ ಇಷ್ಟೇ ವ್ಯತ್ಯಾಸ ಬರುತ್ತದೆ. ಪಟ್ಟಿಗಳಲ್ಲಿ ಸಾಮಾನ್ಯವಾಗಿ 200ರ ಕೆಳಗೆ ನಿರ್ವಾತ, ಮೇಲೆ ಗಾಳಿ. ನಿಮ್ಮ ಲೆಕ್ಕದ ಪ್ರೋಗ್ರಾಮ್ ಹಾಗೇ ತಿಳಿದುಕೊಂಡಿದೆಯಾ ನೋಡಿ.

ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಸರಿದರೆ? ಇದು ನಮ್ಮ ಕಡೆಯ ಬೇಸಿಗೆಯ ಕಾಯಿಲೆ. ಏಪ್ರಿಲ್‌ನಲ್ಲಿ ಬಿಸಿಲು ಏರಿದಂತೆ ಶೀಟ್ ಛಾವಣಿಯ ಲ್ಯಾಬಿನಲ್ಲಿ ಲೋಹದ ಚೌಕಟ್ಟು ಹಿಗ್ಗುತ್ತದೆ, ಗ್ರೇಟಿಂಗ್ ಕೂದಲೆಳೆಯಷ್ಟು ತಿರುಗುತ್ತದೆ. ನಮ್ಮಲ್ಲಿ 546.07ರ ಗೆರೆ ಊಟದ ಹೊತ್ತಿಗೆ ಪಕ್ಕದ ಪಿಕ್ಸೆಲ್‌ಗೆ ದಾಟಿ, ಸಂಜೆ ಗಾಳಿ ಬೀಸಿದ ಮೇಲೆ ವಾಪಸ್ ಬರುವುದನ್ನು ಪರದೆ ಮೇಲೇ ನೋಡಬಹುದು. ಮದ್ದು ಸುಲಭ: ಪ್ರತಿ ಅಳತೆಗೆ ಮೊದಲೊಮ್ಮೆ, ಆಮೇಲೊಮ್ಮೆ ಪಾದರಸದ ಗೆರೆ ತೆಗೆದಿಡಿ. ಎರಡೂ ಒಂದೇ ಕಡೆ ಇಲ್ಲದಿದ್ದರೆ ನಡುವಿನ ಡೇಟಾವನ್ನು ನಂಬಿ ಡಾಪ್ಲರ್ ಸರಿತ (ಪ್ಲಾಸ್ಮಾ ಚಲಿಸುವುದರಿಂದ ಗೆರೆ ಸರಿಯುವುದು) ಲೆಕ್ಕ ಹಾಕಬೇಡಿ. ಪ್ಲಾಸ್ಮಾ ಸುತ್ತುತ್ತಿದೆ ಅಂತ ಬರೆದವರ ಪೈಕಿ ಎಷ್ಟೋ ಜನ ಅಳೆದದ್ದು ಛಾವಣಿಯ ಬಿಸಿಯನ್ನು.

## ಪಟ್ಟಿಯಲ್ಲಿ ಇಲ್ಲದ ಗೆರೆ, ಅಥವಾ "ಸಾರ್, ಟಂಗ್‌ಸ್ಟನ್ ಸಿಕ್ತು!"

ಚಿಂತಾಮಣಿಯ ಕಡೆಯ ಒಬ್ಬ ವಿದ್ಯಾರ್ಥಿನಿ ತಂದ ಸ್ಪೆಕ್ಟ್ರಮ್‌ನಲ್ಲಿ 546.1ರಲ್ಲಿ ಚಂದದ ಹಸಿರು ಗೆರೆ ಇತ್ತು. ಪಕ್ಕದಲ್ಲಿ ಟಂಗ್‌ಸ್ಟನ್ ಅಂತ ಬರೆದಿತ್ತು, ಮುಂದೆ ಪ್ರಶ್ನಾರ್ಥಕ ಚಿಹ್ನೆ. 435.8ರಲ್ಲಿ ನೋಡು ಅಂದೆ. ಅಲ್ಲೂ ಇತ್ತು. ಫೈಬರ್ ಜಾಯಿಂಟಿಗೆ ಕಂಬಳಿ ಹೊದಿಸಿದೆವು, ಎರಡೂ ಮಾಯ. ತಲೆ ಮೇಲಿನ ಟ್ಯೂಬ್‌ಲೈಟ್ ಒಳಗೆ ನುಸುಳುತ್ತಿತ್ತು.

ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳಲ್ಲ, ಅದು ಒಳ್ಳೆಯ ಅಭ್ಯಾಸ. ಒಂಟಿ ಗೆರೆ ನೋಡಿ ಯಾವ ಲೋಹದ ಹೆಸರನ್ನೂ ಬರೆಯಬಾರದು. ಅದರ ಜೊತೆಗಾರ ಸಿಗಬೇಕು. 15 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ 33.54ರಲ್ಲಿ ಗೆರೆ ಕೊಟ್ಟರೆ 36.08ರಲ್ಲೂ ಕೊಡಲೇಬೇಕು, ಮೊದಲನೆಯದರ ಸುಮಾರು ಅರ್ಧ ಬಲದಲ್ಲಿ. 5 ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್‌ದೂ ಇದೇ ಜೋಡಿ: 103.19 ಮತ್ತು 103.76, ಎರಡಕ್ಕೆ ಒಂದರಂತೆ. ಸೋಡಿಯಂನ ಹಳದಿ ಜೋಡಿ ನೋಡಿದವರಿಗೆ ಇದು ಹೊಸದಲ್ಲ. ಹೊರಗೆ ಒಂದೇ ಎಲೆಕ್ಟ್ರಾನ್ ಇರುವ ಎಲ್ಲರ ಮನೆ ಕತೆಯೂ ಅದೇ. ಜೊತೆಗಾರ ಇಲ್ಲದಿದ್ದರೆ ಹೆಸರು ತಪ್ಪು. ಬಲದ ಅನುಪಾತ ಕೆಟ್ಟಿದ್ದರೆ ಒಂದರ ಮೇಲೆ ಬೇರೆ ಯಾರೋ ಕೂತಿದ್ದಾರೆ, ಅಥವಾ ಡಿಟೆಕ್ಟರ್ ತುಂಬಿ ತುಳುಕಿದೆ. ಎಕ್ಸ್‌ಪೋಷರ್ ಅರ್ಧ ಮಾಡಿ ಮತ್ತೆ ತೆಗೆಯಿರಿ. ಬಲವಾದ ಗೆರೆ ಅರ್ಧಕ್ಕೆ ಇಳಿಯದಿದ್ದರೆ ತುಳುಕಿದ್ದೇ ಹೌದು.

ಆಮೇಲೆ ಎರಡನೇ ಆರ್ಡರ್, ಅಂದರೆ ಎರಡರಷ್ಟು ತರಂಗಾಂತರದಲ್ಲಿ ಮೂಡುವ ಗೆರೆಯ ನಕಲು, ನೋಡಿ. ಗ್ರೇಟಿಂಗ್ 253.65ರ ಗೆರೆಯನ್ನು 507.3ರಲ್ಲೂ ತೋರಿಸುತ್ತದೆ, 365.0 ಅನ್ನು 730ರಲ್ಲಿ. ಮೈಕ್ರೋಸ್ಕೋಪ್ ಸ್ಲೈಡನ್ನು ಬೆಳಕಿಗೆ ಅಡ್ಡ ಹಿಡಿಯಿರಿ. 546.07 ಹಾಗೇ ಉಳಿದು 507.3 ಮಾತ್ರ ಅಳಿಸಿಹೋದರೆ ಅದು ಅತಿನೇರಳೆಯ ನೆರಳು. 365 ಗಾಜಿನಲ್ಲಿ ದಾಟಿಬಿಡುತ್ತದೆ, ಅದಕ್ಕೆ ಹಳದಿ ಫಿಲ್ಟರ್ ಬೇಕು. ನಿರ್ವಾತದ ಸ್ಪೆಕ್ಟ್ರೋಮೀಟರ್‌ನಲ್ಲಿ ಗಾಜು ಹಿಡಿಯಲು ಆಗುವುದಿಲ್ಲ, ಲೆಕ್ಕವೇ ಗತಿ. 56.8ರಲ್ಲಿ ಗೆರೆ ಕಂಡರೆ ಎರಡರಿಂದ ಭಾಗಿಸಿ. 28.4 ಬಂತಲ್ಲ, ಕಬ್ಬಿಣ.

ಒಂದೇ ಪಿಕ್ಸೆಲ್ ಅಗಲದ ಮುಳ್ಳು ಗೆರೆಯಲ್ಲ. ಸ್ಲಿಟ್ಟಿನ ಬಿಂಬ ಮೂರು ಪಿಕ್ಸೆಲ್ ಅಗಲ ಇರುವಾಗ ಅದಕ್ಕಿಂತ ಸಪೂರ ಗೆರೆ ಬರಲು ಸಾಧ್ಯವೇ ಇಲ್ಲ. ಅದು ಕಾಸ್ಮಿಕ್ ಕಿರಣ, ಕೆಟ್ಟ ಪಿಕ್ಸೆಲ್, ಅಥವಾ ಟೋಕಮಾಕ್ ಪಕ್ಕದಲ್ಲಾದರೆ ಎಕ್ಸ್-ಕಿರಣ ಬಡಿದದ್ದು. ಮುಂದಿನ ಫ್ರೇಮಿನಲ್ಲೂ ಅದೇ ಜಾಗದಲ್ಲಿ ಇದ್ದರೆ ಪಿಕ್ಸೆಲ್ ಕೆಟ್ಟಿದೆ, ಇಲ್ಲದಿದ್ದರೆ ಕಿರಣ.

ಇನ್ನು ನಿಮ್ಮ ಹೆಸರಿನ ಅಯಾನು ಅಲ್ಲಿ ಇರಲು ಸಾಧ್ಯವಾ ಅಂತ ಕೇಳಿಕೊಳ್ಳಿ. ಕಬ್ಬಿಣದಿಂದ 13ನೇ ಎಲೆಕ್ಟ್ರಾನ್ ಕೀಳಲು 361 ಎಲೆಕ್ಟ್ರಾನ್‌ವೋಲ್ಟ್ ಬೇಕು (ಶಕ್ತಿಯನ್ನೂ ಪ್ಲಾಸ್ಮಾದ ಬಿಸಿಯನ್ನೂ ಅಳೆಯುವ ಮಾನ ಇದು). ಮೇಜಿನ ಮೇಲಿನ ಡಿಸ್ಚಾರ್ಜ್ ಟ್ಯೂಬ್‌ನಲ್ಲಿ ಎಲೆಕ್ಟ್ರಾನ್‌ಗಳ ಬಿಸಿ ಕೆಲವೇ ಎಲೆಕ್ಟ್ರಾನ್‌ವೋಲ್ಟ್. ಅಲ್ಲಿ ಆ ಅಯಾನು ಬರೆದರೆ ಪರೀಕ್ಷಕರು ನಗುತ್ತಾರೆ. ರೋಮನ್ ಅಂಕಿಯ ಎಡವಟ್ಟೂ ಇಲ್ಲೇ ಆಗುವುದು. ಪಟ್ಟಿಯಲ್ಲಿ ಕಬ್ಬಿಣದ ಮುಂದೆ ರೋಮನ್ 14 ಇದ್ದರೆ ಹೋಗಿರುವುದು 13 ಎಲೆಕ್ಟ್ರಾನ್. ರೋಮನ್ 1 ಅಂದರೆ ಏನೂ ಕಳೆದುಕೊಳ್ಳದ ಪರಮಾಣು.

ಇಷ್ಟೆಲ್ಲ ಆದ ಮೇಲೂ ಗೆರೆ ಉಳಿದರೆ ಅದು ನಿಜಕ್ಕೂ ಹೊಸದಿರಬಹುದು, ಗಾಬರಿ ಬೇಡ. 1869ರ ಸೂರ್ಯಗ್ರಹಣದಲ್ಲಿ ಸೂರ್ಯನ ಹೊರ ವಾತಾವರಣವಾದ ಕೊರೋನಾದಲ್ಲಿ 530.3ರ ಹಸಿರು ಗೆರೆ ಕಂಡಿತು. ಯಾವ ಪಟ್ಟಿಗೂ ಹೊಂದಲಿಲ್ಲ, ಹೊಸ ಮೂಲವಸ್ತು ಅಂದುಕೊಂಡು ಕೊರೋನಿಯಂ ಅಂತ ಹೆಸರೂ ಇಟ್ಟರು. ಜರ್ಮನಿಯ ವಿಜ್ಞಾನಿ ಗ್ರೋಟ್ರಿಯನ್ ಕೊಟ್ಟ ಸುಳಿವು ಹಿಡಿದು 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವಿಜ್ಞಾನಿ ಎಡ್ಲೆನ್ ಅದು 13 ಎಲೆಕ್ಟ್ರಾನ್ ಕಳೆದುಕೊಂಡ ಮಾಮೂಲಿ ಕಬ್ಬಿಣ ಅಂತ ತೋರಿಸಿದರು. ಅದೇ ಗೆರೆ ನೋಡುವ ಇಸ್ರೋದ ಆದಿತ್ಯ-ಎಲ್1 ನೌಕೆಯ ಕೊರೋನಾಗ್ರಾಫ್ (ಕೊರೋನಾ ನೋಡುವ ದೂರದರ್ಶಕ) ತಯಾರಾದದ್ದು ಕೋಲಾರಕ್ಕೆ ಹೋಗುವ ದಾರಿಯಲ್ಲೇ ಸಿಗುವ ಹೊಸಕೋಟೆಯಲ್ಲಿ. 2023ರ ಸೆಪ್ಟೆಂಬರ್ 2ರಂದು ಅದು ಹಾರಿತು.

## ಗೆರೆ ವಿಪರೀತ ಅಗಲ

ಸ್ಲಿಟ್ ಕಿರಿದು ಮಾಡಿ. ಗೆರೆಯೂ ಕಿರಿದಾಯಿತೇ? ಹಾಗಾದರೆ ಅಗಲ ಸ್ಲಿಟ್ಟಿನದು. ಆಗಲಿಲ್ಲವೇ? ಪಾದರಸದ ಗೆರೆ ನೋಡಿ. ಅದೂ ಅಗಲ ಇದ್ದರೆ ಫೋಕಸ್ ಹೋಗಿದೆ. ಅದು ಸಪೂರ, ಪ್ಲಾಸ್ಮಾದ್ದು ಮಾತ್ರ ಅಗಲ ಅಂದರೆ ಆಗ ಬಿಸಿಯ ಮಾತು ಎತ್ತಬಹುದು: ಅಯಾನು ಬಿಸಿಯಾಗಿ ಓಡಾಡಿದಷ್ಟೂ ಗೆರೆ ಅಗಲವಾಗುತ್ತದೆ, ಡಾಪ್ಲರ್ ಅಗಲ ಅನ್ನುವುದು ಅದನ್ನೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲದ 464.74ರ ಗೆರೆ ತೆಗೆದುಕೊಳ್ಳಿ. ಒಟ್ಟು ಅಗಲ 0.10, ಉಪಕರಣದ ಪಾಲು 0.08 ಇದ್ದರೆ ವರ್ಗ ಕಳೆದು ಮೂಲ ತೆಗೆದಾಗ ಪ್ಲಾಸ್ಮಾದ ಪಾಲು 0.06. ಬಿಸಿ ಸುಮಾರು 34 ಎಲೆಕ್ಟ್ರಾನ್‌ವೋಲ್ಟ್ ಬರುತ್ತದೆ. ಉಪಕರಣದ ಪಾಲು 0.08 ಅಲ್ಲ, 0.09 ಅಂತ ಆದರೆ? ಬಿಸಿ 18ಕ್ಕೆ ಕುಸಿಯುತ್ತದೆ. 0.01 ತಪ್ಪಿದ್ದಕ್ಕೆ ಉತ್ತರ ಅರ್ಧ! ಒಂದು ಎಲೆಕ್ಟ್ರಾನ್‌ವೋಲ್ಟ್ ಅಂದರೆ ಸುಮಾರು 11,600 ಡಿಗ್ರಿ ಅನ್ನುವುದು ನೆನಪಿರಲಿ. ಉಪಕರಣದ ಅಗಲವನ್ನು ಕಂಪನಿಯ ಕಾಗದದಿಂದ ಎತ್ತಿಕೊಳ್ಳಬೇಡಿ, ಅದೇ ಸ್ಲಿಟ್‌ನಲ್ಲಿ ಅವತ್ತೇ ಅಳೆಯಿರಿ.

ಕಾಂತಕ್ಷೇತ್ರವೂ ಗೆರೆ ಸೀಳುತ್ತದೆ. ಒಂದು ಟೆಸ್ಲಾದಲ್ಲಿ ಎಚ್-ಆಲ್ಫಾ ಅಕ್ಕಪಕ್ಕಕ್ಕೆ ಸುಮಾರು 0.02ರಷ್ಟು ಸೀಳುತ್ತದೆ. ಸಣ್ಣ ಸ್ಪೆಕ್ಟ್ರೋಮೀಟರಿಗೆ ಅದು ಬರೀ ಅಗಲವಾಗಿ ಕಾಣುತ್ತದೆ. ಪೋಲರಾಯ್ಡ್ ತಿರುಗಿಸಿದಾಗ ಆಕಾರ ಬದಲಾದರೆ ಕಾಂತಕ್ಷೇತ್ರದ ಕೈವಾಡ ಇದೆ. ಟಂಗ್‌ಸ್ಟನ್‌ನಂಥ ಭಾರದ ಅಯಾನಿನ ಡಾಪ್ಲರ್ ಅಗಲ ತೀರಾ ಕಡಿಮೆ. 1000 ಎಲೆಕ್ಟ್ರಾನ್‌ವೋಲ್ಟ್‌ನಲ್ಲೂ 6.2ರ ಗೆರೆ ಹಿಗ್ಗುವುದು ಬರೀ 0.001. ಅದನ್ನು ನೋಡಿದೆ ಅಂತ ಹೇಳುವ ಮೊದಲು ನಿಮ್ಮ ಉಪಕರಣಕ್ಕೆ ಆ ಕಣ್ಣು ಇದೆಯಾ ಕೇಳಿ.

## 5 ನ್ಯಾನೋಮೀಟರ್ ಸುತ್ತ ಗೆರೆಯೇ ಇಲ್ಲ, ಬರೀ ಗುಡ್ಡ

ಡಿಟೆಕ್ಟರ್ ಮಸುಕಾಗಿದೆ ಅಂತ ಬಿಚ್ಚಲು ಹೋಗಬೇಡಿ. ಟಂಗ್‌ಸ್ಟನ್ ಇರುವುದೇ ಹಾಗೆ. 27ರಿಂದ 35ರವರೆಗೆ ಎಲೆಕ್ಟ್ರಾನ್ ಕಳೆದುಕೊಂಡ ಅಯಾನುಗಳೆಲ್ಲ ಇಲ್ಲೇ ಸಾವಿರಾರು ಗೆರೆ ಕೊಡುತ್ತವೆ. ಅವು ಒಂದಕ್ಕೊಂದು ಅಂಟಿ ಗುಡ್ಡವಾಗುತ್ತವೆ. ಪ್ಲಾಸ್ಮಾದಲ್ಲಿ ಒಂದೆರಡು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಬಿಸಿ ಇರುವ ಕಡೆಯ ಸುದ್ದಿ ಅದು. ಗುಡ್ಡ ಇಳಿದು 6.1, 6.2ರ ಹತ್ತಿರ ಬಿಡಿ ಗೆರೆಗಳು ಎದ್ದರೆ ನಡುಮಧ್ಯ ಇನ್ನೂ ಕಾದಿದೆ, 44, 45 ಎಲೆಕ್ಟ್ರಾನ್ ಉದುರಿದ ಅಯಾನುಗಳು ಬಂದಿವೆ.

ಉಪಕರಣ ಸರಿ ಇದೆಯಾ ಅನ್ನಲು ಇಂಗಾಲದ 3.37ರ ಗೆರೆ ನೋಡಿ. ಅದು ಚೂಪಾಗಿದ್ದರೆ ಫೋಕಸ್ ಸರಿ, ಗುಡ್ಡ ನಿಜ. ಅದರ ಎರಡನೇ ಆರ್ಡರ್ 6.75ರಲ್ಲಿ ಬೀಳುತ್ತದೆ. ಟಂಗ್‌ಸ್ಟನ್ ಲೆಕ್ಕಕ್ಕೆ ಅದನ್ನು ಸೇರಿಸಿಬಿಡಬೇಡಿ.

ಟಂಗ್‌ಸ್ಟನ್ ಪರಮಾಣುವಿನ 400.9ರ ಗೆರೆಯನ್ನೂ ಜೊತೆಗೆ ಓದಿ. ಗೋಡೆಯಿಂದ ಎಷ್ಟು ಕಿತ್ತುಬರುತ್ತಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ, ಒಳಗೆ ಎಷ್ಟು ನುಗ್ಗಿತು ಅನ್ನುವುದು 5ರ ಗುಡ್ಡದಿಂದ. 400.9 ಏರಿ ಗುಡ್ಡ ಏರದಿದ್ದರೆ ಅಂಚಿನ ಪ್ಲಾಸ್ಮಾ ಅದನ್ನು ಹೊರಗೇ ತಡೆದಿದೆ. 400.9 ಸುಮ್ಮನಿದ್ದು ಗುಡ್ಡ ಮಾತ್ರ ಬೆಳೆಯುತ್ತಾ ಹೋದರೆ ಲೋಹ ನಡುವೆ ಕೂಡಿಹಾಕಿಕೊಳ್ಳುತ್ತಿದೆ, ಅಥವಾ ನಿಮ್ಮ ಫೈಬರ್ ನೋಡದ ಕಡೆಯಿಂದ ಬರುತ್ತಿದೆ. ಆ ಶಾಟ್ ನಡೆಸುವವರಿಗೆ ತಕ್ಷಣ ಹೇಳಬೇಕಾದ ವಿಷಯ ಇದು.

## ವಾರದಿಂದ ವಾರಕ್ಕೆ ಬೆಳಕು ಮಂಕು

ಎಲ್ಲ ಗೆರೆಗಳೂ ಒಟ್ಟಿಗೆ ಕುಗ್ಗಿದರೆ ಕಿಟಕಿ, ಫೈಬರ್ ಅಥವಾ ಡಿಟೆಕ್ಟರ್. ನೀಲಿ ಕಡೆ ಜಾಸ್ತಿ ಕುಗ್ಗಿದರೆ ಕಿಟಕಿಗೆ ಲೇಪ ಕೂತಿದೆ, ಅಥವಾ ವಿಕಿರಣಕ್ಕೆ ಫೈಬರ್ ಕಂದಾಗಿದೆ. ಹೊರಗಿನಿಂದ ಅದೇ ದೀಪ ಹಿಡಿದು ಹಳೇ ಅಳತೆಯ ಜೊತೆ ಹೋಲಿಸಿ. ಚಿಕ್ಕಬಳ್ಳಾಪುರದ ಕ್ರಷರ್ ಧೂಳಿನ ಕಡೆ ಇರುವವರು ಫೈಬರ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ ಒರೆಸಿದರೇ ಎಷ್ಟೋ ಸಲ ಬೆಳಕು ವಾಪಸ್ ಬರುತ್ತದೆ. ಒರೆಸುವುದು ಫೈಬರ್ ತುದಿ ಮಾತ್ರ. ಗ್ರೇಟಿಂಗ್ ಮೇಲೆ ಬಟ್ಟೆ, ಬೆರಳು, ಬಾಯಿಗಾಳಿ ಯಾವುದೂ ಬೇಡ. ಒಂದು ಸಲ ಒರೆಸಿದರೆ ಹೊಸ ಗ್ರೇಟಿಂಗ್ ಕೊಳ್ಳಬೇಕು, ಅಷ್ಟೇ.

ಆಕ್ಸಿಜನ್‌ನ 63.0 ಮತ್ತು ನೈಟ್ರೋಜನ್‌ನ 123.9, 124.3 ಜೋಡಿ ಒಟ್ಟಿಗೆ ಏರಿದರೆ ಎಲ್ಲೋ ಗಾಳಿ ಸೋರುತ್ತಿದೆ. ಆಕ್ಸಿಜನ್ ಮಾತ್ರ ಏರಿ ನೈಟ್ರೋಜನ್ ಸುಮ್ಮನಿದ್ದರೆ ಗೋಡೆಗೆ ಅಂಟಿದ ನೀರು, ಬೇಯಿಸಿ ಒಣಗಿಸಿದರೆ ಹೋಗುತ್ತದೆ. ಸೋರಿಕೆಯ ಜಾಗ ಹುಡುಕುವುದು ಹೀಲಿಯಂ ಲೀಕ್ ಡಿಟೆಕ್ಟರ್ ಇರುವವರ ಕೆಲಸ.

## ಸಿಗ್ನಲ್ ಮೇಲೆ ಅಲೆ ಅಲೆ

50 ಹರ್ಟ್ಸ್‌ನ ಅಲೆ ಕಂಡರೆ ಮೊದಲು ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್‌ಪಾಯಿಂಟ್‌ಗೆ ತನ್ನಿ. ಅರ್ಥಿಂಗ್ ಎರಡು ಕಡೆ ಹೋದರೇ ಈ ಕಾಟ ಜಾಸ್ತಿ. 100 ಹರ್ಟ್ಸ್ ಆದರೆ ದೀಪದ ಬೆಳಕು, ಮತ್ತೆ ಕಂಬಳಿ. ಕರೆಂಟ್ ಹೋಗಿ ಯುಪಿಎಸ್‌ಗೆ ಬಂದಾಗ ಮಾತ್ರ ಗಲಾಟೆ ಶುರುವಾದರೆ ಯುಪಿಎಸ್ಸೇ ಕಾರಣ. ಅಳತೆ ನಿಲ್ಲಿಸಿ, ಕರೆಂಟ್ ಬಂದ ಮೇಲೆ ಮಾಡಿ.

## ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಮೈಕ್ರೋಚಾನೆಲ್ ಪ್ಲೇಟಿಗೆ ಸಾವಿರ ವೋಲ್ಟಿನ ಲೆಕ್ಕದಲ್ಲಿ, ಅದರ ಹಿಂದಿನ ಫಾಸ್ಫರ್ ಪರದೆಗೆ ಇನ್ನೂ ಹೆಚ್ಚು ವೋಲ್ಟೇಜ್ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಒತ್ತಡ 10⁻⁶ ಮಿಲಿಬಾರ್ ಕೆಳಗೆ ಇಳಿಯದೆ ಅದಕ್ಕೆ ವೋಲ್ಟೇಜ್ ಕೊಡಬಾರದು. ಡಿಟೆಕ್ಟರ್ ಕಡೆಯಿಂದ ಚಿಟಪಟ ಸದ್ದು, ನೀಲಿ ಮಿಂಚು, ಓಝೋನ್ ವಾಸನೆ ಬಂದರೆ ವೋಲ್ಟೇಜ್ ಇಳಿಸಿ ಅಲ್ಲಿಗೇ ಬಿಡಿ.

ಪಾದರಸದ ದೀಪಕ್ಕೆ ಕ್ವಾರ್ಟ್ಜ್ ಹೊದಿಕೆ ಇದ್ದರೆ ಅತಿನೇರಳೆ ಹೊರಗೆ ಬರುತ್ತದೆ. ಬರಿಗಣ್ಣಲ್ಲಿ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿಯುತ್ತದೆ. ಕನ್ನಡಕ ಹಾಕಿ, ಸುತ್ತ ಅಟ್ಟೆಯ ಮರೆ ಕಟ್ಟಿ. ದೀಪ ಒಡೆದರೆ ಪೊರಕೆ ಮುಟ್ಟಬೇಡಿ. ಕಿಟಕಿ ತೆಗೆದು, ಎಲ್ಲರನ್ನೂ ಹೊರಗೆ ಕಳಿಸಿ, ಲ್ಯಾಬಿನ ಸುರಕ್ಷತೆ ನೋಡಿಕೊಳ್ಳುವವರಿಗೆ ಹೇಳಿ. ಕಣ್ಣುರಿ ಮರುದಿನಕ್ಕೂ ಉಳಿದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಿರ್ವಾತದಲ್ಲಿರುವ ಗಾಜಿನ ಕಿಟಕಿಯಲ್ಲಿ ಸಣ್ಣ ಬಿರುಕು ಕಂಡರೂ ಮುಖ ಅದರ ಎದುರು ಇರಬಾರದು. ಟೋಕಮಾಕ್ ಹಾಲ್‌ನಲ್ಲಿ ಶಾಟ್ ನಡೆಯುವಾಗ ಎಕ್ಸ್-ಕಿರಣ ಇರುತ್ತದೆ. ಫೈಬರ್ ಸ್ವಲ್ಪ ಸರಿಸಿ ಬರ್ತೀನಿ ಅಂತ ಒಳಗೆ ನುಗ್ಗುವ ಮಾತೇ ಇಲ್ಲ.

ಸಹಾಯ ಕೇಳುವಾಗ ಏನು ಕಳಿಸಬೇಕು ಅಂತ ತುಂಬಾ ಜನ ಕೇಳುತ್ತಾರೆ. ಕಚ್ಚಾ ಫೈಲ್, ಅವತ್ತಿನ ಪಾದರಸದ ಸ್ಪೆಕ್ಟ್ರಮ್, ಬೆಳಕು ಮುಚ್ಚಿ ತೆಗೆದ ಒಂದು ಕತ್ತಲೆ ಫ್ರೇಮ್, ಸ್ಲಿಟ್ ಅಗಲ, ಎಕ್ಸ್‌ಪೋಷರ್, ಗ್ರೇಟಿಂಗ್ ಯಾವುದು, ಕೋಣೆಯ ಉಷ್ಣತೆ. ವಾಟ್ಸಾಪ್‌ನಲ್ಲಿ ಪರದೆಯ ಫೋಟೋ ಬೇಡ. ಎಕ್ಸೆಲ್‌ನಲ್ಲಿ ನುಣುಪು ಮಾಡಿದ ಗ್ರಾಫಂತೂ ಬೇಡವೇ ಬೇಡ. ನುಣುಪು ಮಾಡುವಾಗ ಒಂದು ಪಿಕ್ಸೆಲ್‌ನ ಮುಳ್ಳು ಗೆರೆಯಷ್ಟೇ ಅಗಲಕ್ಕೆ ಹರಡಿಬಿಡುತ್ತದೆ. ಆಮೇಲೆ ಅದು ಕಾಸ್ಮಿಕ್ ಕಿರಣವೋ ಕಬ್ಬಿಣವೋ ಅಂತ ಯಾರೂ ಹೇಳಲಾರರು.